ಸೆಲ್ವಿಯ ರಕ್ತಕ್ಕೆ ಎರಡು ಸಂಖ್ಯೆ

ಕೋವಿಡ್ ತಣ್ಣಗಾಗಿ ಆಸ್ಪತ್ರೆಗಳು ಮಾಮೂಲಿ ಕೆಲಸಕ್ಕೆ ಮರಳಿದ್ದ ವರ್ಷ. ನಾನಾಗ ಚೆನ್ನೈಯಲ್ಲಿ, ಪ್ರಯೋಗಾಲಯದ ಯಂತ್ರಗಳನ್ನು ಮಾರಿ ಅವುಗಳ ನಿರ್ವಹಣೆ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಅಪ್ಲಿಕೇಷನ್ ಸ್ಪೆಷಲಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಯಂತ್ರ ಕೆಟ್ಟು ನಿಂತರೆ ಸರ್ವಿಸ್ ಇಂಜಿನಿಯರ್ ಹೋಗುತ್ತಾನೆ. ಯಂತ್ರ ಓಡುತ್ತಿದೆ, ಆದರೆ ಅದು ಕೊಡುವ ಉತ್ತರ ಯಾಕೋ ಸರಿಯಿಲ್ಲ ಎಂದಾಗ ನನ್ನನ್ನು ಕಳಿಸುತ್ತಿದ್ದರು. ಈ ಎರಡನೆಯ ಬಗೆಯ ದೂರು ಅಪರೂಪ. ಬಂದರೆ ಸುಲಭಕ್ಕೆ ಬಗೆಹರಿಯುವುದಿಲ್ಲ.

ಯಂತ್ರದ ಹೆಸರು ಉದ್ದ: ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಮಾಸ್ ಸ್ಪೆಕ್ಟ್ರೋಮೀಟರ್. ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ಬೆರಳುದ್ದದ ಒಂದು ಉಕ್ಕಿನ ಕೊಳವೆಯಿದೆ. ಅದನ್ನು ಕಾಲಂ ಎನ್ನುತ್ತೇವೆ. ಒಳಗೆ ಹಿಟ್ಟಿಗಿಂತ ನುಣುಪಾದ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ರಕ್ತದಿಂದ ತೆಗೆದ ಸಾರವನ್ನು ದ್ರಾವಕದ ಜೊತೆ ಈ ಕೊಳವೆಯೊಳಗೆ ತಳ್ಳಿದರೆ, ಪುಡಿಗೆ ಕಡಿಮೆ ಅಂಟುವ ವಸ್ತುಗಳು ಬೇಗ, ಹೆಚ್ಚು ಅಂಟುವವು ತಡವಾಗಿ ಹೊರಬರುತ್ತವೆ. ಎರಡನೆಯ ಹಂತದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್, ಹಾಗೆ ಹೊರಬಂದ ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು, ತೂಕದ ಮೇಲೆ ಗುರುತು ಹಿಡಿದು ಎಣಿಸುತ್ತದೆ. ಆವೇಶ ಸಿಗದ ಅಣು ಅದರ ಕಣ್ಣಿಗೆ ಬೀಳುವುದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಡಾ. ಶಿವಲೀಲಾ ಫೋನ್ ಮಾಡಿದರು. ಪಲ್ಲಾವರಂ ದಾಟಿದರೆ ಸಿಗುವ ಒಂದು ಖಾಸಗಿ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆ ಅವರು. ಹುಬ್ಬಳ್ಳಿಯ ವ್ಯಾಪಾರಸ್ಥರ ಮನೆಯವರು; ಮದುವೆಯಾಗಿ ಚೆನ್ನೈಗೆ ಬಂದು ಹದಿನೆಂಟು ವರ್ಷವಾಗಿದ್ದರೂ ನನ್ನ ಹತ್ತಿರ ಊರಿನ ಮಾತೇ ಆಡುತ್ತಿದ್ದರು.

"ಶ್ರೀನಿವಾಸ ಸರ್, ಮಷೀನಿಗೆ ಏನೂ ಆಗಿಲ್ರಿ. ಆದ್ರ ಒಬ್ಬ ಪೇಶಂಟಿಗೆ ನಿನ್ನೆ ಒಂದು ನಂಬರ್, ಇವತ್ತ ಒಂದು ನಂಬರ್ ಕೊಟ್ಟೈತಿ. ಎರಡೂ ಖರೆ ಇರಾಕ ಸಾಧ್ಯ ಇಲ್ಲ. ಸಂಜಿಯೊಳಗ ಯಾವುದು ಖರೆ ಅಂತ ಹೇಳಬೇಕು. ಇಲ್ಲಾಂದ್ರ ಆ ಹೆಣ್ಣಮಗಳಿಗೆ ತಪ್ಪು ಔಷಧ ಹೋಗ್ತೈತಿ."

"ನಿನ್ನೆ ಸ್ಯಾಂಪಲ್ ಇದೆ ತಾನೆ? ಯಾವುದನ್ನೂ ಎಸೀಬೇಡಿ ಡಾಕ್ಟ್ರೇ, ಹೊರಟೆ" ಎಂದೆ.

ಮಾಂಬಲದಲ್ಲಿ ರೈಲು ಹತ್ತಿ ಪಲ್ಲಾವರದಲ್ಲಿ ಇಳಿದಾಗ ಅಲ್ಲಿನ ಶುಕ್ರವಾರದ ಸಂತೆಯ ಜನ ಸ್ಟೇಷನ್ನಿನ ಮೆಟ್ಟಿಲವರೆಗೂ ತುಂಬಿದ್ದರು. ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಹನ್ನೊಂದು ಗಂಟೆ.

ಪ್ರಯೋಗಾಲಯದಲ್ಲಿ ಶಿವಲೀಲಾ ಅವರ ಜೊತೆ ಮೂತ್ರಪಿಂಡ ತಜ್ಞರಾದ ಡಾ. ಕಾರ್ತಿಕೇಯನ್ ಕೂತಿದ್ದರು. ವಿಷಯ ತಿಳಿಸಿದವರು ಅವರು. ರೋಗಿಯ ಹೆಸರು ಸೆಲ್ವಿ, ವಯಸ್ಸು ನಲವತ್ತರ ಆಸುಪಾಸು, ಪಲ್ಲಾವರದಲ್ಲೇ ಮನೆ. ಮದುವೆ ರವಿಕೆಗಳಿಗೆ ಆರಿ ಕಸೂತಿ ಹಾಕಿಕೊಡುವುದು ಆಕೆಯ ಕೆಲಸ. ನಾಲ್ಕು ತಿಂಗಳ ಹಿಂದೆ ಆಕೆಗೆ ಮೂತ್ರಪಿಂಡ ಕಸಿ ಮಾಡಿದ್ದರು. ಮೂತ್ರಪಿಂಡ ಕೊಟ್ಟವರು ಆಕೆಯ ಸ್ವಂತ ಅಣ್ಣ.

ಕಸಿಯಾದವರು ಜೀವನವಿಡೀ ಟ್ಯಾಕ್ರೊಲಿಮಸ್ ಎಂಬ ಮಾತ್ರೆ ತೆಗೆದುಕೊಳ್ಳಬೇಕು. ಬೇರೆಯವರ ಅಂಗವನ್ನು ದೇಹ ಹೊರದೂಡದಂತೆ ಅದು ತಡೆಯುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ದೇಹ ಕಸಿಯ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾದರೆ ಮಾತ್ರೆಯೇ ಮೂತ್ರಪಿಂಡಕ್ಕೆ ವಿಷ. ಸೆಲ್ವಿಯ ಹಂತದಲ್ಲಿ ಎಂಟರಿಂದ ಹತ್ತರವರೆಗೆ ಇರಬೇಕು ಎಂದು ವೈದ್ಯರು ಇಟ್ಟುಕೊಂಡಿದ್ದರು. ಒಂದು ಮಿಲಿಲೀಟರ್ ರಕ್ತದಲ್ಲಿ ಇಷ್ಟು ನ್ಯಾನೊಗ್ರಾಂ ಎಂಬುದು ಲೆಕ್ಕ. ಅದನ್ನು ಅಳೆಯುವುದೇ ನಮ್ಮ ಯಂತ್ರದ ಕೆಲಸ.

ಮೊದಲ ತಿಂಗಳುಗಳಲ್ಲಿ ಆಕೆಯ ಸಂಖ್ಯೆ ಒಂಬತ್ತರ ಹತ್ತಿರ ನಿಂತಿತ್ತು. ಆಮೇಲೆ ಒಂದು ವಾರ ಇದ್ದಕ್ಕಿದ್ದಂತೆ ೪.೯ ಬಂತು. ಮಾತ್ರೆ ಹೆಚ್ಚಿಸಿದರು, ೬.೧ ಬಂತು. ಇನ್ನೂ ಹೆಚ್ಚಿಸಿದರು; ಗುರುವಾರ ೬.೮. ಅಷ್ಟರಲ್ಲಿ ಆಕೆಯ ಕ್ರಿಯಾಟಿನಿನ್ ಏರುತ್ತಿತ್ತು, ಅಂದರೆ ಮೂತ್ರಪಿಂಡ ಸೋಲುತ್ತಿತ್ತು. ಗುರುವಾರ ಸಂಜೆ ಆಕೆಯನ್ನು ವಾರ್ಡಿಗೆ ಸೇರಿಸಿಕೊಂಡರು. ಶುಕ್ರವಾರ ಬೆಳಿಗ್ಗೆ ರಕ್ತ ತೆಗೆದು ನೋಡಿದರೆ ೧೪.೪.

"ವಾರ್ಡಿನಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ" ಎಂದರು ಕಾರ್ತಿಕೇಯನ್. "ಮನೆಯಲ್ಲಿ ಮಾತ್ರೆ ತಿನ್ನುತ್ತಿರಲಿಲ್ಲ, ಇಲ್ಲಿ ನರ್ಸ್ ಎದುರಿಗೆ ನಿಂತು ತಿನ್ನಿಸಿದಳು, ಸಂಖ್ಯೆ ಏರಿತು ಅಂತ."

"ನೀವೂ ಹಾಗೇ ಅಂದುಕೊಂಡಿದ್ದೀರಾ?"

"ಹೋದ ವಾರದವರೆಗೂ ಹಾಗೇ ಅಂದುಕೊಂಡಿದ್ದೆ. ಆಕೆಗೂ ಹೇಳಿದ್ದೆ, ಅಣ್ಣನಿಗೂ ಹೇಳಿದ್ದೆ. ಆದರೆ ಒಂದು ರಾತ್ರಿಯ ಮಾತ್ರೆಯಿಂದ ಸಂಖ್ಯೆ ಎರಡು ಪಟ್ಟು ಏರುವುದಿಲ್ಲ. ಮತ್ತೆ ಆಕೆಯ ಕೈ ನಡುಗುತ್ತಿದೆ. ಈ ಔಷಧ ಹೆಚ್ಚಾದವರಿಗೆ ಕೈ ನಡುಗುತ್ತದೆ, ಕಡಿಮೆಯಾದವರಿಗಲ್ಲ."

ಎದುರಿದ್ದ ಪ್ರಶ್ನೆ ಸ್ಪಷ್ಟವಾಗಿತ್ತು. ೬.೮ ನಿಜವಾದರೆ ದೇಹ ಕಸಿಯನ್ನು ತಿರಸ್ಕರಿಸುತ್ತಿದೆ; ಆ ಸಂಜೆಯೇ ಭಾರಿ ಪ್ರಮಾಣದ ಸ್ಟೆರಾಯ್ಡ್ ಶುರು ಮಾಡಬೇಕು. ೧೪.೪ ನಿಜವಾದರೆ ಔಷಧವೇ ಮೂತ್ರಪಿಂಡವನ್ನು ಹಾಳು ಮಾಡುತ್ತಿದೆ, ಮಾತ್ರೆ ಇಳಿಸಬೇಕು. ಎರಡು ಚಿಕಿತ್ಸೆಗಳೂ ಒಂದಕ್ಕೊಂದು ವಿರುದ್ಧ. "ಆರು ಗಂಟೆಯವರೆಗೆ ಕಾಯುತ್ತೇನೆ" ಎಂದು ಹೇಳಿ ಅವರು ಎದ್ದು ಹೋದರು.

ಯಂತ್ರದ ಹತ್ತಿರ ರೇವತಿ ಇದ್ದರು, ಅಲ್ಲಿನ ಹಿರಿಯ ಟೆಕ್ನಾಲಜಿಸ್ಟ್. ಅವರ ಅಜ್ಜನ ಕಾಲಕ್ಕೇ ಕೋಲಾರದ ಕಡೆಯಿಂದ ಮದರಾಸಿಗೆ ಬಂದ ಮನೆತನ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನಮ್ಮ ಮನೆಯಲ್ಲೂ ಮಕ್ಕಳು ಹಾಗೇ ಆದ್ದರಿಂದ ನನಗದು ವಿಚಿತ್ರವೆನಿಸಲಿಲ್ಲ.

ಮೊದಲು ನೋಡಿದ್ದು ಸ್ಯಾಂಪಲ್ ಅದಲುಬದಲಾಗಿದೆಯೇ ಎಂದು. ಆಗಿರಲಿಲ್ಲ. ಗುರುವಾರ ತಯಾರಿಸಿದ ಸಾರದ ಪುಟ್ಟ ಸೀಸೆ ಇನ್ನೂ ಯಂತ್ರದ ತಂಪು ಪೆಟ್ಟಿಗೆಯಲ್ಲೇ ಇತ್ತು. ಅದನ್ನೇ ಮತ್ತೊಮ್ಮೆ ಓಡಿಸಿ ಎಂದೆ. ನಿಮಿಷಗಳಲ್ಲಿ ಉತ್ತರ ಬಂತು: ೧೪.೨.

ರೇವತಿ ಪರದೆಯನ್ನೇ ನೋಡುತ್ತಾ, "ನೇತ್ತು ಇದೇ ವೈಯಲ್ ತಾನ್ ಸಾರ್" ಎಂದರು. ನಿನ್ನೆಯೂ ಇದೇ ಸೀಸೆ.

ಒಂದೇ ಸೀಸೆ, ನಿನ್ನೆ ೬.೮, ಇಂದು ೧೪.೨. ಅಂದರೆ ರಕ್ತ ತೆಗೆದದ್ದರಲ್ಲಿ, ಸಾರ ತಯಾರಿಸಿದ್ದರಲ್ಲಿ ತಪ್ಪಿಲ್ಲ. ತಪ್ಪು ಯಂತ್ರದೊಳಗಿದೆ, ಮತ್ತು ಅದು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇಂಥದ್ದಕ್ಕೆ ಸಾಮಾನ್ಯ ಕಾರಣ ಸೀಸೆಯಿಂದ ಸಾರವನ್ನು ಹೀರುವ ಸೂಜಿ. ಅದು ಅರ್ಧ ಕಟ್ಟಿಕೊಂಡರೆ ಒಮ್ಮೆ ಪೂರ್ತಿ, ಒಮ್ಮೆ ಕಡಿಮೆ ಹೀರುತ್ತದೆ. ಸೂಜಿ ಬದಲಿಸಿದೆ. ಪಂಪಿನ ಒತ್ತಡ, ಸೋರಿಕೆ, ಕಾಲಂ ಬಿಸಿ, ಎಲ್ಲ ಪರೀಕ್ಷಿಸಿದೆ. ಆಮೇಲೆ ಕ್ಯೂಸಿ ಓಡಿಸಿದೆವು. ಕ್ಯೂಸಿ ಎಂದರೆ ಔಷಧ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪರೀಕ್ಷಾ ರಕ್ತ; ಯಂತ್ರ ಆ ಗೊತ್ತಿರುವ ಉತ್ತರವನ್ನೇ ಕೊಟ್ಟರೆ ಸರಿಯಾಗಿದೆ ಎಂದರ್ಥ. ಉತ್ತರ ಸರಿಯಾಗಿ ಬಂತು.

ಒಂದು ಕ್ಷಣ ಸಮಾಧಾನವಾಯಿತು. ಆದರೆ ಹಳೆಯ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಶುದ್ಧವಾಗಿತ್ತು. ನಿನ್ನೆ ಕ್ಯೂಸಿ ಹೇಗಿತ್ತು ಎಂದು ರೇವತಿಯನ್ನು ಕೇಳಿದೆ. "ಪರ್ಫೆಕ್ಟ್ ಸಾರ್" ಎಂದರು. ಹೋದ ವಾರ? ಅದೂ ಪರ್ಫೆಕ್ಟ್. ಅಂದ ಮೇಲೆ ಇಂದಿನ ಕ್ಯೂಸಿ ಸರಿ ಬಂದದ್ದರಿಂದ ನಾನು ಏನನ್ನೂ ರಿಪೇರಿ ಮಾಡಿದಂತಾಗಲಿಲ್ಲ.

ಆ ಹೊತ್ತಿಗೆ ಸ್ಯಾಂಪಲ್ ಕೌಂಟರಿನ ಕಿಟಕಿಗೆ ಒಬ್ಬರು ಬಂದು ನಿಂತರು. ಐವತ್ತರ ಹತ್ತಿರದ ಮನುಷ್ಯ, ಮಾಧವರಂ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಎಂದು ಆಮೇಲೆ ತಿಳಿಯಿತು. ಸೆಲ್ವಿಯ ಅಣ್ಣ. ಅವರು ತಮಿಳಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದು ವಿಷಯ ಕೇಳಬೇಕಿತ್ತಮ್ಮ. ಅವಳು ಮಾತ್ರೆ ತಿಂದಿದ್ದಾಳೋ ಇಲ್ಲವೋ ಅಂತ ಈ ಟೆಸ್ಟಿನಲ್ಲಿ ಖಂಡಿತ ಗೊತ್ತಾಗುತ್ತಾ? ಅವಳು ತಿಂದೆ ಅಂತ ಅಮ್ಮನ ಮೇಲೆ ಆಣೆ ಇಡುತ್ತಾಳೆ. ಅದಕ್ಕೇ ಕೇಳಿದೆ."

ರೇವತಿ ನನ್ನ ಕಡೆ ನೋಡಿ, ಸಂಜೆ ಡಾಕ್ಟರನ್ನೇ ಕೇಳಿ ಎಂದು ಕಳಿಸಿಬಿಟ್ಟರು. ಅವರು ಹೋದ ಮೇಲೆ ರೇವತಿಯೇ ಹೇಳಿದರು: ಈಚೆಗೆ ಇನ್ನೂ ಕೆಲವು ಹೊರರೋಗಿಗಳದ್ದು ಹೀಗೇ ಕಡಿಮೆ ಬರುತ್ತಿತ್ತು, ವಾರ್ಡಿನವರದ್ದು ಮಾತ್ರ ಸರಿಯಿರುತ್ತಿತ್ತು. ಮನೆಯಲ್ಲಿರುವವರು ಮಾತ್ರೆ ಮರೆಯುತ್ತಾರೆ, ವಾರ್ಡಿನಲ್ಲಿ ನರ್ಸ್ ಇರುತ್ತಾಳೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಈ ಮಾತು ನನ್ನನ್ನು ಬೇರೆ ದಿಕ್ಕಿಗೆ ತಿರುಗಿಸಿತು. ವಾರ್ಡಿನ ರಕ್ತಕ್ಕೂ ಹೊರರೋಗಿಗಳ ರಕ್ತಕ್ಕೂ ಯಂತ್ರದ ಮಟ್ಟಿಗೆ ಏನು ವ್ಯತ್ಯಾಸ? ಕೇಳಿದಾಗ ತಿಳಿಯಿತು: ವಾರ್ಡಿನ ಸ್ಯಾಂಪಲ್ ಬೆಳಿಗ್ಗೆ ಒಂದೋ ಎರಡೋ ಬರುತ್ತವೆ, ಬಂದಂತೆ ಬಿಡಿಬಿಡಿಯಾಗಿ ಓಡಿಸುತ್ತಾರೆ. ಹೊರರೋಗಿಗಳದ್ದು ಮಧ್ಯಾಹ್ನದವರೆಗೆ ಸೇರಿಸಿಟ್ಟು, ಒಂದರ ಹಿಂದೆ ಒಂದು ಸಾಲಾಗಿ ಓಡಿಸುತ್ತಾರೆ.

"ನಿನ್ನೆ ಮಧ್ಯಾಹ್ನದ ಸಾಲನ್ನು ಹಾಗೇ, ಅದೇ ಕ್ರಮದಲ್ಲಿ ಮತ್ತೆ ಓಡಿಸೋಣಮ್ಮ" ಎಂದೆ.

"ಎಲ್ಲಾತ್ತೆಯುಮಾ ಸಾರ್?" ಎಂದರು ರೇವತಿ, ಎಲ್ಲವನ್ನೂ ಓಡಿಸಬೇಕೇ ಎಂದು. ಇವತ್ತಿನ ಕೆಲಸವೇ ಬಾಕಿಯಿತ್ತು. ಆದರೂ ಓಡಿಸಿದರು.

ಸೆಲ್ವಿಯ ಸೀಸೆ ತನ್ನ ಜಾಗದಲ್ಲಿ ಬಂದಾಗ ಉತ್ತರ ೬.೯. ಪಕ್ಕಕ್ಕೆ ತೆಗೆದು, ಸಾಲು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಅದೊಂದನ್ನೇ ಓಡಿಸಿದರೆ ಮತ್ತೆ ೧೪.೨. ಶಿವಲೀಲಾ ಅವರನ್ನು ಕರೆದು ತೋರಿಸಿದೆ. ಅವರು ಸ್ಟೂಲ್ ಎಳೆದುಕೊಂಡು ಕೂತರು.

ಹಿಂದಿನ ಸ್ಯಾಂಪಲ್ ಏನೋ ಬಿಟ್ಟು ಹೋಗುತ್ತಿದೆ ಎಂಬುದು ಈಗ ಸ್ಪಷ್ಟವಿತ್ತು. ಅದು ಔಷಧವಲ್ಲ, ಔಷಧ ಉಳಿದಿದ್ದರೆ ಮುಂದಿನವರ ಸಂಖ್ಯೆ ಹೆಚ್ಚಾಗಬೇಕಿತ್ತು, ಇಲ್ಲಿ ಕಡಿಮೆಯಾಗಿತ್ತು. ರಕ್ತದಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುಗಳಿವೆ. ಅವು ಕಾಲಮ್ಮಿಗೆ ಜಿಗುಟಾಗಿ ಅಂಟಿಕೊಂಡು ಎಲ್ಲಕ್ಕಿಂತ ಕೊನೆಗೆ ಹೊರಬರುತ್ತವೆ. ಒಳಗೇ ಉಳಿದುಹೋಗಿ, ಮುಂದಿನ ಸ್ಯಾಂಪಲ್ಲಿನ ಔಷಧ ಹೊರಬರುವ ಹೊತ್ತಿನಲ್ಲಿ ಅವೂ ಬಂದರೆ, ಸಿಗುವ ವಿದ್ಯುತ್ ಆವೇಶವನ್ನೆಲ್ಲ ಅವೇ ಕಬಳಿಸುತ್ತವೆ. ಔಷಧದ ಅಣುಗಳು ಆವೇಶವಿಲ್ಲದೆ, ಎಣಿಕೆಗೆ ಸಿಗದೆ ಹೋಗುತ್ತವೆ. ಇದಕ್ಕೆ ಅಯಾನ್ ಸಪ್ರೆಷನ್ ಎಂದು ಹೆಸರು. ಇದನ್ನು ಸರಿದೂಗಿಸಲು ಪ್ರತಿ ಸ್ಯಾಂಪಲ್ಲಿಗೂ ಔಷಧದಂಥದೇ ಇನ್ನೊಂದು ವಸ್ತುವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿರುತ್ತೇವೆ. ಆದರೆ ಇಲ್ಲಿ ಆ ಜೊತೆಗಾರ ಔಷಧಕ್ಕಿಂತ ಕೆಲವೇ ಸೆಕೆಂಡು ಮುಂಚೆ ಹೊರಬಂದು ಪಾರಾಗುತ್ತಿತ್ತು; ಪೆಟ್ಟು ತಿನ್ನುತ್ತಿದ್ದದ್ದು ಔಷಧ ಮಾತ್ರ.

ಯಂತ್ರಕ್ಕೆ ಔಷಧದ ಜೊತೆಗೆ ಈ ಕೊಬ್ಬನ್ನೂ ಎಣಿಸುವಂತೆ ಹೇಳಿ ಸಾಲನ್ನು ಮತ್ತೆ ಓಡಿಸಿದೆ. ಮೊದಲ ಸ್ಯಾಂಪಲ್ಲಿನಲ್ಲಿ ಪರದೆಯ ಮೇಲೆ ಕೊಬ್ಬಿನ ಗೆರೆ ಚಪ್ಪಟೆಯಾಗಿತ್ತು. ಎರಡನೆಯದರಿಂದ ಮುಂದೆ ಪ್ರತಿಯೊಂದರಲ್ಲೂ, ಔಷಧ ಹೊರಬರುವ ಹೊತ್ತಿಗೆ ಸರಿಯಾಗಿ, ಆನೆಯ ಬೆನ್ನಿನಂತೆ ಒಂದು ದಿಬ್ಬ ಎದ್ದಿತ್ತು.

"ಪ್ರತಿ ಸ್ಯಾಂಪಲ್ಲಿನ ಕೊನೇಲಿ ಕಾಲಂ ತೊಳೆಯೋ ಸಮಯ ಎಷ್ಟಿದೆ?" ಎಂದು ಕೇಳಿದೆ.

ಉತ್ತರ ಕೊಟ್ಟವರು ಶಿವಲೀಲಾ. "ಅದನ್ನ ನಾನ ಕಡಿಮಿ ಮಾಡೇನ್ರಿ. ಎರಡು ನಿಮಿಷ ಇತ್ತು, ಅರ್ಧ ನಿಮಿಷಕ್ಕ ತಂದೆ. ರಾತ್ರಿ ಮಾತ್ರೆಗೆ ಮೊದಲ ರಿಪೋರ್ಟ್ ಬೇಕು ಅಂತ ಎಲ್ಲಾ ಡಾಕ್ಟರೂ ಕೇಳ್ತಿದ್ರು. ಸುಮ್ನ ಮಾಡಿಲ್ರಿ, ಒಂದು ವಾರ ಕ್ಯೂಸಿ ಓಡಿಸಿ ನೋಡೇನಿ. ಒಂದೂ ತಪ್ಪು ಬರ್ಲಿಲ್ಲ."

ಅವರು ಹೇಳಿದ್ದು ನಿಜ. ಆದರೆ ಕ್ಯೂಸಿ ಯಾಕೆ ತಪ್ಪು ತೋರಿಸಲಿಲ್ಲ? ಅದಕ್ಕೆ ಉತ್ತರ ರೇವತಿಯಿಂದ ಬಂತು. ಹಿಂದಿನ ಸ್ಯಾಂಪಲ್ಲಿನ ಔಷಧ ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಲು ಅವರು ಪ್ರತಿ ಕ್ಯೂಸಿಗೂ ಮುಂಚೆ ಒಂದು ಬ್ಲ್ಯಾಂಕ್, ಅಂದರೆ ಬರೀ ದ್ರಾವಕ, ಓಡಿಸುತ್ತಿದ್ದರು. ಒಳ್ಳೆಯ ಅಭ್ಯಾಸ, ಅದನ್ನು ಅವರಿಗೆ ಕಲಿಸಿದವರೂ ನಮ್ಮ ಕಂಪನಿಯವರೇ. ಹಿಂದಿನ ರೋಗಿಯ ಕೊಬ್ಬೆಲ್ಲ ಆ ಬ್ಲ್ಯಾಂಕಿನಲ್ಲಿ ಹೊರಬಿದ್ದು, ಕ್ಯೂಸಿಗೆ ಕಾಲಂ ತೊಳೆದು ಇಟ್ಟಂತೆ ಸಿಗುತ್ತಿತ್ತು. ಬೆಳಿಗ್ಗೆ ಬಿಡಿಯಾಗಿ ಓಡುವ ವಾರ್ಡಿನ ಸ್ಯಾಂಪಲ್ಲುಗಳಿಗೂ, ಅವುಗಳ ಮುಂದೆ ಇನ್ನೊಬ್ಬರ ರಕ್ತ ಓಡಿರದ ಕಾರಣ, ಹಾಗೇ. ಸಾಲಿನ ನಡುವೆ ನಿಂತ ಹೊರರೋಗಿಗಳಿಗೆ ಮಾತ್ರ ಆ ಅನುಕೂಲವಿರಲಿಲ್ಲ.

ತೊಳೆಯುವ ಸಮಯವನ್ನು ಮೊದಲಿನಂತೆ ಎರಡು ನಿಮಿಷ ಮಾಡಿ, ಸಾಲನ್ನು ಕೊನೆಯ ಬಾರಿ ಓಡಿಸಿದೆವು. ಸೆಲ್ವಿಯ ಸೀಸೆ ತನ್ನ ಜಾಗದಲ್ಲೇ ೧೪.೧ ಕೊಟ್ಟಿತು. ಐದು ಗಂಟೆ ದಾಟಿತ್ತು. ಶಿವಲೀಲಾ ಅಲ್ಲಿಂದಲೇ ಕಾರ್ತಿಕೇಯನ್ ಅವರಿಗೆ ಫೋನ್ ಮಾಡಿ, ಸ್ಟೆರಾಯ್ಡ್ ಬೇಡ, ಹದಿನಾಲ್ಕೇ ನಿಜ ಎಂದು ಹೇಳಿದರು.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಉಳಿದವರ ವರದಿಗಳು? ತೊಳೆಯುವ ಸಮಯ ಕಡಿಮೆ ಮಾಡಿದಂದಿನಿಂದ ಆಚೆ ಹೋದ ಹೊರರೋಗಿಗಳ ಸಂಖ್ಯೆಗಳನ್ನು ಯಾವುದನ್ನೂ ನಂಬುವಂತಿರಲಿಲ್ಲ. ರೇವತಿ ತಗ್ಗಿದ ದನಿಯಲ್ಲಿ, "ಮೇಡಂ, ಕಾಲಂ ಮಾತ್ತಿಟ್ಟೋಮ್‌ನು ಸೊಲ್ಲಿಡಲಾಮಾ?" ಎಂದರು. ಕಾಲಂ ಹಳೆಯದಾಗಿತ್ತು, ಬದಲಿಸಿದೆವು ಎಂದು ಹೇಳಿಬಿಡೋಣವೇ ಎಂದು. ಅವರು ಹೆದರಿದ್ದು ತಮಗಾಗಿ ಅಲ್ಲ, ಮೇಡಂಗಾಗಿ. ಕಾಲಮ್ಮಿನ ಮೇಲೆ ಹಾಕಿದ್ದರೆ ಯಾರೂ ಮರುಮಾತು ಆಡುತ್ತಿರಲಿಲ್ಲ. ಕಾಲಂ ಹಳೆಯದಾಗುವುದು ಯಾರ ತಪ್ಪೂ ಅಲ್ಲ.

ಶಿವಲೀಲಾ ಬಹಳ ಹೊತ್ತು ಯೋಚಿಸಲಿಲ್ಲ. "ಬ್ಯಾಡ ರೇವತಿ. ಕಾಲಂ ಅಂದ್ರ ಈ ವಾರದ್ದಷ್ಟ ತಪ್ಪು ಅಂತ ತಿಳ್ಕೋತಾರ. ಹಿಂದಿನವರನ್ನ ಯಾರು ಕರೀತಾರ? ನಾನ ಬದಲಿ ಮಾಡಿದ್ದು, ಆ ದಿನದಿಂದ ಎಲ್ಲಾ ರಿಪೋರ್ಟೂ ವಾಪಸ್ ತಗೋತೀನಿ" ಎಂದರು. ನನ್ನ ಕಡೆ ತಿರುಗಿ, "ನೀವೂ ಇದ್ದದ್ದನ್ನ ಇದ್ದಾಂಗ ಬರೀರಿ ಸರ್" ಎಂದರು. ಬರೆದೆ.

ಆಮೇಲೆ ನಾನು ಬ್ಯಾಗು ಹಿಡಿದು ಹೊರಟಾಗ, ಅವರು ವಾರ್ಡಿಗೆ ಹೊರಟಿದ್ದರು. "ಬರ್ರಿ, ಏನರ ಟೆಕ್ನಿಕಲ್ ಕೇಳಿದ್ರ ನೀವು ಇರ್ತೀರಿ" ಎಂದದ್ದಕ್ಕೆ ಜೊತೆಗೆ ಹೋದೆ. ಪ್ರಯೋಗಾಲಯದವರು ರೋಗಿಯ ಹಾಸಿಗೆಯವರೆಗೆ ಹೋಗುವುದು ಅಪರೂಪ. ನಾನಂತೂ ಅಷ್ಟು ವರ್ಷದ ಕೆಲಸದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಸೆಲ್ವಿ ಗೋಡೆಗೆ ಒರಗಿ ಕೂತಿದ್ದರು. ನಡುಕ ಕಾಣದಿರಲೆಂದೋ ಏನೋ, ಎರಡೂ ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡಿದ್ದರು. ಅಣ್ಣ ಕಿಟಕಿಯ ಹತ್ತಿರ, ಬೆನ್ನು ಮಾಡಿ ನಿಂತಿದ್ದರು. ಶಿವಲೀಲಾ ತಮ್ಮ ಹರುಕು ತಮಿಳಿನಲ್ಲಿ, ಸುತ್ತುಬಳಸದೆ ಹೇಳಿದರು: "ನೀವು ಮಾತ್ರೆ ತಪ್ಪಿಸಿಲ್ಲ. ಎಲ್ಲವನ್ನೂ ಸರಿಯಾಗಿ ತಿಂದಿದ್ದೀರಿ. ನಮ್ಮ ಲೆಕ್ಕ ತಪ್ಪಿತ್ತು. ಅದನ್ನು ನಂಬಿ ಮಾತ್ರೆ ಹೆಚ್ಚಿಸಿದರು, ಅದರಿಂದಲೇ ಕೈ ನಡುಗುತ್ತಿರುವುದು. ತಪ್ಪು ನನ್ನದು."

ಸೆಲ್ವಿ ಕೇಳಿದ ಮೊದಲ ಪ್ರಶ್ನೆ: "ಅಣ್ಣನ ಕಿಡ್ನಿ ಉಳಿಯುತ್ತಾ?"

ಮಾತ್ರೆ ಇಳಿಸಿದರೆ ಉಳಿಯುತ್ತದೆ ಎಂದು ಡಾ. ಕಾರ್ತಿಕೇಯನ್ ಹೇಳಿದ್ದಾರೆ ಎಂದರು ಶಿವಲೀಲಾ. ಅಣ್ಣ ಈ ಕಡೆ ತಿರುಗಲಿಲ್ಲ.

ಸೆಲ್ವಿ ಧನ್ಯವಾದ ಹೇಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಹೊದಿಕೆಯಿಂದ ಕೈ ತೆಗೆದು, ದಿಂಬಿನ ಪಕ್ಕದಲ್ಲಿದ್ದ ಫೋನನ್ನು ಕಷ್ಟಪಟ್ಟು ಒತ್ತಿ ಡಾಕ್ಟರ ಕಡೆ ಚಾಚಿದರು.

"ಲೈನಿನಲ್ಲಿ ಅತ್ತಿಗೆ ಇದ್ದಾರೆ, ಅಣ್ಣನ ಹೆಂಡತಿ. ನನ್ನ ಗಂಡ ಕೊಟ್ಟ ಕಿಡ್ನೀನ ಇವಳು ಹಾಳು ಮಾಡಿದಳು ಅಂತ ಒಂದು ತಿಂಗಳಿಂದ ನನ್ನ ಜೊತೆ ಮಾತಾಡಿಲ್ಲ. ಈಗ ನನಗೆ ಹೇಳಿದಿರಲ್ಲ, ಅದೇ ಮಾತು ಅವರಿಗೂ ಹೇಳಿ."

ಶಿವಲೀಲಾ ಫೋನ್ ತೆಗೆದುಕೊಂಡು, ನಿಂತಲ್ಲೇ ಅಷ್ಟನ್ನೂ ಮೊದಲಿನಿಂದ ಹೇಳಿದರು.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಮಾತ್ರೆ ಇಳಿಸಿದ ಮೇಲೆ ಸೆಲ್ವಿಯ ಕ್ರಿಯಾಟಿನಿನ್ ನಿಧಾನವಾಗಿ ಇಳಿಯಿತು, ಪೂರ್ತಿ ಮೊದಲಿನ ಮಟ್ಟಕ್ಕೆ ಮಾತ್ರ ಬರಲಿಲ್ಲ. ಕೈ ನಡುಕ ಹೋಯಿತು. ಉಳಿದ ಹೊರರೋಗಿಗಳನ್ನೂ ಒಬ್ಬೊಬ್ಬರಾಗಿ ಕರೆಸಿ ಮತ್ತೆ ರಕ್ತ ತೆಗೆದರು. ಅವರಲ್ಲಿ ಮಾತ್ರೆ ಬದಲಿಸಬೇಕಾದವರು ಕೆಲವರಿದ್ದರು, ಮಾತ್ರೆ ತಿನ್ನುತ್ತಿಲ್ಲವೆಂದು ಸುಮ್ಮನೆ ಬೈಸಿಕೊಂಡಿದ್ದವರು ಅದಕ್ಕಿಂತ ಹೆಚ್ಚು. ಆಸ್ಪತ್ರೆಯ ಆಡಳಿತ ಶಿವಲೀಲಾ ಅವರಿಂದ ವಿವರಣೆ ಕೇಳಿತು. ಕೊಟ್ಟರು, ಹುದ್ದೆಯಲ್ಲಿ ಉಳಿದರು. ರೇವತಿ ಸಾಲಿನ ನಡುವೆ, ಹಿಂದೆ ಮುಂದೆ ಬ್ಲ್ಯಾಂಕ್ ಇಲ್ಲದೆ, ಒಂದು ಕ್ಯೂಸಿ ಇಡುವುದನ್ನು ಶುರು ಮಾಡಿದರು. ನಮ್ಮ ಕಂಪನಿಯೂ ಆಮೇಲೆ ಅದನ್ನೇ ಬೇರೆಡೆ ಕಲಿಸಿತು.

ಕ್ಯೂಸಿ ಸರಿಯಿದೆ ಎಂದರೆ ಕ್ಯೂಸಿ ಸರಿಯಿದೆ ಎಂದಷ್ಟೇ ಅರ್ಥ ಎಂಬುದು ಆ ದಿನ ಯಂತ್ರದ ಬಗ್ಗೆ ನಾನು ಕಲಿತದ್ದು. ಇನ್ನೊಂದನ್ನು ವಾರ್ಡಿನಲ್ಲಿ ಕಲಿತೆ. ಅಲ್ಲಿಯವರೆಗೆ ಸಂಖ್ಯೆ ತಪ್ಪಿದರೆ ಚಿಕಿತ್ಸೆ ತಪ್ಪುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಒಂದು ಮನೆಯೊಳಗೆ ಒಬ್ಬಳ ಮಾತಿಗೆ ಬೆಲೆಯಿಲ್ಲದಂತೆ ಅದು ಮಾಡಬಲ್ಲದು ಎಂದು ಗೊತ್ತಿರಲಿಲ್ಲ. ಉಳಿದ ಎರಡು ವರ್ಷ, ಯಾವ ಪ್ರಯೋಗಾಲಯಕ್ಕೆ ಕರೆದರೂ, ಪಂಪಿನ ಒತ್ತಡ ಎಷ್ಟು ಎಂದು ಕೇಳುವ ಮುಂಚೆ ನಾನು ಬೇರೊಂದು ಪ್ರಶ್ನೆ ಕೇಳುತ್ತಿದ್ದೆ: ಈ ಸಂಖ್ಯೆಯನ್ನು ನಂಬಿ ಇಷ್ಟು ದಿನ ನೀವು ಯಾರನ್ನು ನಂಬಲಿಲ್ಲ?